ನಲವತ್ತೊಂದನೇ ಊರು

ನಮ್ಮ ಸೀಮೆಯಲ್ಲಿ ಇರೋದು ನಲವತ್ತೊಂದು ಊರು. ಅದರಲ್ಲಿ ನಮ್ಮೂರಿಗೆ ನಲವತ್ತೊಂದನೇ ಸ್ಥಾನ. ಇದು ನಾನು ಹೊಟ್ಟೆಕಿಚ್ಚಿಗೆ ಹೇಳೋ ಮಾತಲ್ಲ, ಸರ್ಕಾರದವರು ವರ್ಷಾ ವರ್ಷಾ ಪಟ್ಟಿ ಮಾಡಿ ಕಳಿಸ್ತಾರೆ, ಪುರಸಭೆಯ ಗೋಡೆಗೆ ಅಂಟಿಸಿದ್ದಾರೆ, ಬೇಕಾದರೆ ಬಂದು ನೋಡಿ. ಬರೋ ದಾರಿ ಮಾತ್ರ ನಮ್ಮೂರಿನವರನ್ನ ಕೇಳಬೇಡಿ. "ಆ ದರಿದ್ರ ಊರಿಗಾ? ಏನು ಕರ್ಮ ಸ್ವಾಮಿ ನಿಮಗೆ!" ಅಂತ ಹಣೆ ಚಚ್ಚಿಕೊಳ್ತಾರೆ. ಚಚ್ಚಿಕೊಂಡು, ನಿಮ್ಮ ಚೀಲ ತಾವೇ ಹೊತ್ತು, ಊರ ತನಕ ಕರೆತಂದು, ಮನೇಲಿ ಊಟ ಹಾಕಿಸಿ, ಆಮೇಲೆ ತಮ್ಮ ಕೆಲಸಕ್ಕೆ ಹೋಗ್ತಾರೆ.

ನಾನು ಹುಟ್ಟಿದ್ದು ಇಲ್ಲಲ್ಲ, ಒಂದನೇ ಸ್ಥಾನದ ಊರಲ್ಲಿ. ಹೆಸರು ವಿಠೋಬ, ಕಸುಬು ದರ್ಜಿ. ಅಂಬುಜನ್ನ ಮದುವೆಯಾಗಿ ಮನೆ ಅಳಿಯನಾಗಿ ಬಂದೋನು, ಇಲ್ಲೇ ಉಳಿದೆ. ನಮ್ಮಣ್ಣ ಈಗಲೂ ಫೋನ್ ಮಾಡಿದಾಗೆಲ್ಲ, "ಒಂದರಿಂದ ನಲವತ್ತೊಂದಕ್ಕೆ ಇಳಿದ್ಯಲ್ಲೋ ವಿಠೂ, ಹೆಂಗಿದ್ದೀಯೋ ಅಲ್ಲಿ" ಅಂತ ನಿಟ್ಟುಸಿರು ಬಿಡ್ತಾನೆ. ನಾನು, "ಏನೋ ಇದೀನಪ್ಪಾ, ಹಾಳೂರು" ಅಂತೀನಿ. ಪಾಪ, ಅವನು ಅದನ್ನ ನಿಜ ಅಂದುಕೊಂಡು ಅವತ್ತು ಊಟ ಬಿಡ್ತಾನಂತೆ.

ಮದುವೆಯಾದ ಮಾರನೇ ದಿನವೇ ನನಗೆ ಈ ಊರಿನ ರೀತಿ ಗೊತ್ತಾಯಿತು. ಅಂಬುಜ ಕಾಫಿ ತಂದು ಕೊಟ್ಟಳು. ಹೊಸ ಹೆಂಡತಿ, ಬೆಳಗಿನ ಬಿಸಿಲು, ನಾನೂ ಇಪ್ಪತ್ತಾರರ ಹುಡುಗ. "ನಿನ್ನ ಕಣ್ಣು ಎಷ್ಟು ಚೆನ್ನಾಗಿದೆ" ಅಂದೆ. ಅವಳು "ಅಯ್ಯೋ!" ಅಂತ ಕಿರುಚಿ ಕಣ್ಣು ಮುಚ್ಚಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ರೆಪ್ಪೆ ಮೇಲೆ ಕಡಲೆಕಾಳಿನಷ್ಟು ದಪ್ಪದ ಕುರು ಎದ್ದಿತ್ತು. ಒಂಬತ್ತು ದಿನ ಇತ್ತು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಮಾವನ ಎಮ್ಮೆ ಭೇಷಾಗಿದೆ ಅಂದೆ, ನಾಲ್ಕು ದಿನ ಮನೇಲಿ ಹಾಲಿಲ್ಲ. ಉಪ್ಪಿನಕಾಯಿ ಬಲು ರುಚಿ ಅಂದೆ, ಜಾಡಿಗೆ ಜಾಡಿಯೇ ಬೂಷ್ಟು ಹಿಡಿಯಿತು. ಕೊನೆಗೆ ಅತ್ತೆ ಕೈ ಮುಗಿದರು. "ಅಳಿಯಂದಿರೇ, ನಿಮ್ಮ ದಮ್ಮಯ್ಯ, ಬಾಯಿ ಮುಚ್ಕೊಂಡು ಊಟ ಮಾಡಿ."

ಬಾಯಿಮಾತಿಗೆ ಹೊಗಳಿದರೆ ಇಲ್ಲಿ ಏನೂ ಆಗಲ್ಲ. ಮನಸ್ಸಿನಿಂದ ಬಂದರೆ ಮಾತ್ರ ಕೆಡುತ್ತೆ, ಎಷ್ಟು ಮನಸ್ಸಿನಿಂದ ಬಂತೋ ಅಷ್ಟು ಕೆಡುತ್ತೆ. ಪರಊರಿನವರಿಗೂ ವಿನಾಯಿತಿ ಇಲ್ಲ. ಬಳೆ ಮಾರೋಕೆ ಬಂದವಳೊಬ್ಬಳ ದನಿ ಇಂಪಾಗಿದೆ ಅಂತ ಯಾರೋ ಮೈಮರೆತು ಅಂದುಬಿಟ್ಟು, ಪಾಪ ಆಕೆಗೆ ಗಂಟಲು ಕಟ್ಟಿ, ಎರಡು ವಾರ ಕೈ ಸನ್ನೆಯಲ್ಲೇ ಬಳೆ ಮಾರಿದಳು. ಊರ ಗಡಿ ದಾಟಿ ಹೋಗಿ ಹೊಗಳಿದರೂ ಅಷ್ಟೇ, ಕಾಗದದಲ್ಲಿ ಬರೆದರೂ ಅಷ್ಟೇ. ಎಲ್ಲಾ ಮಾಡಿ ನೋಡಿಯಾಗಿದೆ.

ಹಾಗಂತ ಇಷ್ಟವಾದದ್ದನ್ನ ಹೇಳದೆ ಇರೋಕಾಗುತ್ತಾ? ಬೈತಾರೆ. ಚಹಾದ ಅಂಗಡೀಲಿ, "ಥೂ, ಇದೇನು ಮಾರಾಯ, ಕಲಗಚ್ಚು! ಇನ್ನೊಂದು ಲೋಟ ಕೊಡು" ಅಂತಾರೆ. ಸ್ಕೂಲಲ್ಲಿ ಹೆಡ್ ಮಾಸ್ಟರು ಬಹುಮಾನ ಕೊಡುವಾಗ, "ನೂರಕ್ಕೆ ನೂರಾ? ನಾಚಿಕೆ ಆಗಲ್ವೇನೇ ಕತ್ತೆ?" ಅಂತ ತಲೆ ಸವರ್ತಾರೆ. ಹೆಣ್ಣು ನೋಡೋಕೆ ಬಂದವರ ಮುಂದೆ ತಂದೆಯೇ ಎದ್ದು ನಿಂತು, "ನಮ್ ಹುಡುಗಿ ಸೋಮಾರಿ, ಅಡುಗೆ ಬಾಯಿಗೆ ಇಡೋ ಹಾಗಿಲ್ಲ" ಅಂತ ಕಣ್ಣೀರು ಹಾಕ್ತಾನೆ. ಗಂಡಿನ ಕಡೆಯವರು ನಮ್ಮೂರಿನವರೇ ಆದರೆ ಅಲ್ಲೇ ವೀಳ್ಯ ತಗೋತಾರೆ. ಪರಊರಿನವರಾದರೆ ಚಪ್ಪಲಿ ಹುಡುಕ್ತಾರೆ.

ಇನ್ನು ಅಂಬುಜ. ಊರಿನವರ ಬಾಯಲ್ಲಿ ಅಂಬಕ್ಕ. ಇಲ್ಲಿನ ಹೆರಿಗೆ ಆಸ್ಪತ್ರೆಗೆ ಆರು ಮಂಚ. ಡಾಕ್ಟರು ಬರೋದು ಮಂಗಳವಾರ ಮಾತ್ರ, ಅದೂ ಬಸ್ಸು ಸಿಕ್ಕಿದರೆ. ಮಿಕ್ಕ ದಿನ ಎಲ್ಲಾ ನರ್ಸ್ ಅಂಬುಜನೇ. ಮೂವತ್ತು ವರ್ಷದಲ್ಲಿ ಈ ಊರಲ್ಲಿ ಹುಟ್ಟಿದ ಒಂದೊಂದು ತಲೆಯೂ ಮೊದಲು ಇಳಿದದ್ದು ಅವಳ ಅಂಗೈಗೆ. ಸಂಜೆ ಮನೆಗೆ ಬಂದು ಆ ಕೈಯಲ್ಲೇ ನನಗೆ ರೊಟ್ಟಿ ತಟ್ಟುತ್ತಾಳೆ. ಬೆರಳ ತುದಿಗಳು ನೀರಲ್ಲಿ ನೆನೆದು ಸುಕ್ಕಾಗಿರುತ್ತವೆ. ನೋಡ್ತಾ ಕೂತರೆ ಮಾತು ತಾನಾಗೇ ಗಂಟಲ ತನಕ ಬರುತ್ತೆ. ಅಂಥ ಹೊತ್ತಲ್ಲಿ ನಾನು ಒಂದು ಎಳೆ ದಾರ ಬಾಯಲ್ಲಿ ಕಚ್ಚಿಕೊಂಡು ಬಿಡ್ತೀನಿ. ದರ್ಜಿಯ ಬಾಯಲ್ಲಿ ದಾರ ಇದ್ದರೆ ಯಾರೂ ಯಾಕೆ ಅಂತ ಕೇಳಲ್ಲ.

ಪಟ್ಟಿ ಮಾಡೋಕೆ ಬರೋ ಸಾಹೇಬರ ಹೆಸರು ಪದ್ಮರಾಜಯ್ಯ. ಸಣಕಲು ಮನುಷ್ಯ, ಕಂಕುಳಲ್ಲಿ ಕಡತ, ಜೇಬಲ್ಲಿ ಇಂಕ್ ಪೆನ್ನು. ಊರಿಗೆ ಹನ್ನೆರಡು ಪ್ರಶ್ನೆ, ಪ್ರಶ್ನೆಗೆ ಒಬ್ಬರಂತೆ ಉತ್ತರ ಕೊಡಬೇಕು. ನೀರು ಹೇಗಿದೆ, ರಸ್ತೆ ಹೇಗಿದೆ, ಶಾಲೆ ಹೇಗಿದೆ, ನೆರೆಹೊರೆ ಹೇಗಿದೆ. ಒಳ್ಳೆಯದು ಅಥವಾ ಕೆಟ್ಟದ್ದು, ಎರಡರಲ್ಲಿ ಒಂದು ಹೇಳಬೇಕು. ನಮ್ಮವರು ಏನು ಹೇಳ್ತಾರೆ ಅಂತ ನಿಮಗೆ ಈಗ ಗೊತ್ತಿದೆ. "ನೀರಾ? ಅದಕ್ಕಿಂತ ವಿಷ ವಾಸಿ" ಅಂತ ಒಬ್ಬ ಹೇಳ್ತಿದ್ದರೆ, ಅವನ ಹೆಂಡತಿ ಸಾಹೇಬರಿಗೆ ಮೂರನೇ ಚೊಂಬು ನೀರು ತಂದು ಕೊಡ್ತಾಳೆ. ಅವರು ಕುಡೀತಾರೆ, ಬಾಯಿ ಒರೆಸಿಕೊಳ್ತಾರೆ, 'ಕೆಟ್ಟದ್ದು' ಅಂತ ಬರೀತಾರೆ. ಜನ ಹೇಳಿದ್ದನ್ನ ಬರೆಯೋದು ತಾನೇ ಅವರ ಕೆಲಸ. ಅವರನ್ನ ಯಾಕೆ ಅನ್ನೋದು?

ನಲವತ್ತೊಂದನೇ ಸ್ಥಾನದ ಬಗ್ಗೆ ನಮ್ಮೂರಿಗೆ ಒಳಗೊಳಗೇ ಹೆಮ್ಮೆ ಇತ್ತು ಅಂದರೂ ತಪ್ಪಿಲ್ಲ. ಆದರೆ ಆ ವರ್ಷ ಪಟ್ಟಿಯ ಜೊತೆಗೆ ಒಂದು ಕಾಗದ ಬಂತು. ಪುರಸಭೆ ಅಧ್ಯಕ್ಷೆ ಹೊನ್ನಮ್ಮ ಅದನ್ನ ಎಲ್ಲರ ಮುಂದೆ ಓದಿದರು. ಎರಡು ವರ್ಷದ ಹಿಂದೆ ಹೊಸದಾಗಿ ಸೇರಿಸಿದ ಹನ್ನೆರಡನೇ ಪ್ರಶ್ನೆ ಹೆರಿಗೆ ಆಸ್ಪತ್ರೆಯ ಆರೈಕೆ ಹೇಗಿದೆ ಅನ್ನೋದು. ಅದಕ್ಕೆ ಎರಡು ಸಲವೂ 'ಕೆಟ್ಟದ್ದು' ಅಂತ ಉತ್ತರ ಬಂದಿದೆ, ಮೂರನೇ ಸಲವೂ ಅದೇ ಬಂದರೆ ಆಸ್ಪತ್ರೆ ಮುಚ್ಚಿ, ಮಂಚಗಳನ್ನೂ ನರ್ಸನ್ನೂ ಒಂದನೇ ಊರಿಗೆ ಸಾಗಿಸಲಾಗುವುದು ಅಂತಿತ್ತು. ಒಂದನೇ ಊರಿಗೆ ಇಲ್ಲಿಂದ ಅರವತ್ತು ಮೈಲಿ, ನಡುವೆ ಎರಡು ಹೊಳೆ. ಬಸುರಿಯನ್ನ ಗಾಡೀಲಿ ಹಾಕಿಕೊಂಡು ಹೋಗೋ ದಾರಿಯಲ್ಲ ಅದು. ಓದಿ ಮುಗಿಸಿ ಹೊನ್ನಮ್ಮ ಕಾಗದವನ್ನ ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರ ಸೊಸೆ ಸಾವಂತ್ರಿಗೆ ಆಗ ಎಂಟು ತಿಂಗಳು.

"ಅದಕ್ಕೇನಂತೆ, ಈ ಸಲ ಒಳ್ಳೇದು ಅಂದ್ಬುಟ್ರಾಯ್ತು" ಅಂದ ಹಿಂದೆ ಕೂತಿದ್ದ ಒಬ್ಬ.

"ಅಂದ್ರೆ ಅಂಬಕ್ಕನ ಕೈ ಗತಿ ಏನಪ್ಪಾ?" ಅಂದರು ಹೊನ್ನಮ್ಮ. "ಆರೈಕೆ ಅಂದ್ರೆ ಆವಮ್ಮನ ಕೈ ತಾನೇ? ಮಂಚಾನ ಹೊಗಳಿ ಮಂಚ ಮುರಿಸ್ಕೊಳ್ಳೋಣ ಅಂದ್ರೆ, ಅವರು ಮಂಚ ಹೆಂಗಿದೆ ಅಂತ ಕೇಳಿಲ್ವಲ್ಲ."

ಆಮೇಲೆ ಹೊನ್ನಮ್ಮನೇ ಒಂದು ಉಪಾಯ ಹೇಳಿದರು. ಮನಸ್ಸಿಲ್ಲದೆ ಹೊಗಳಿದರೆ ಏನೂ ಕೆಡಲ್ಲವಲ್ಲ? ಹಾಗಾದರೆ ಅಂಬಕ್ಕನ್ನ ಕಂಡರೆ ಆಗದವರು ಯಾರಾದರೂ ಒಬ್ಬರು ಬೇಕು. ಅವರು ಸಾಹೇಬರ ಮುಂದೆ ನಿಂತು ಬಾಯಿಮಾತಿಗೆ 'ಒಳ್ಳೆಯದು' ಅಂದರೆ ಕೆಲಸ ಮುಗೀತು.

ನಂಬ್ತೀರೋ ಇಲ್ಲವೋ, ನನ್ನ ಹೆಂಡತಿಯ ಶತ್ರುವನ್ನ ಹುಡುಕಿಕೊಂಡು ಹದಿನೈದು ದಿನ ಇಡೀ ಊರು ಮನೆ ಮನೆ ಸುತ್ತಿತು. ನಾನೂ ಸುತ್ತಿದೆ. "ಯಾವತ್ತಾದ್ರೂ ಬೈದಿದ್ದಾಳಾ? ನೆನಪು ಮಾಡ್ಕೊಳ್ಳಿ, ಏನಾದ್ರೂ ಒಂದು ಇದ್ದೇ ಇರುತ್ತೆ" ಅಂತ ಅಂಗಲಾಚಿದೆ. ಕೊನೆಗೆ ಸಿಕ್ಕಿದವನು ಮಂಚಯ್ಯ. ಅವನ ಮೇಕೆ ಆಸ್ಪತ್ರೆ ಅಂಗಳದ ದಾಸವಾಳದ ಗಿಡ ತಿಂದಿತ್ತು ಅಂತ ಅಂಬುಜ ಹಿಂದೊಮ್ಮೆ ಅದನ್ನ ಎರಡು ದಿನ ಕಟ್ಟಿ ಹಾಕಿದ್ದಳು. ಅವತ್ತಿಂದ ಇಬ್ಬರಿಗೂ ಮಾತಿಲ್ಲ. ಊರಿಗೆ ಊರೇ ಮಂಚಯ್ಯನ ಮನೆ ಮುಂದೆ ನೆರೆದು ಅವನಿಗೆ ಎಲೆ ಅಡಿಕೆ ಕೊಟ್ಟಿತು.

"ಎಲ್ಲಿ, ಒಂದ್ಸಲ ಹೇಳಿ ನೋಡು" ಅಂದರು ಹೊನ್ನಮ್ಮ.

ಮಂಚಯ್ಯ ಹುಬ್ಬು ಗಂಟು ಹಾಕಿಕೊಂಡು ನಿಂತ. "ಅಂಬಕ್ಕನ ಆರೈಕೆ ಒಳ್ಳೇದು" ಅಂದ, ಸಾರಿಗೆ ಉಪ್ಪು ಸಾಲದು ಅನ್ನೋ ದನಿಯಲ್ಲಿ. ನಮಗೆಲ್ಲ ಹೋದ ಜೀವ ಬಂದಂಗಾಯಿತು. ಆದರೆ ಆಸಾಮಿ ಅಷ್ಟಕ್ಕೆ ನಿಲ್ಲಿಸಬೇಕಲ್ಲ? "ಮೇಕೆ ಕಟ್ಟಿದ್ದೇನೋ ನಿಜ" ಅಂದ. "ಆದ್ರೆ ನಮ್ ಕಿರೀಮಗಳು ಹೊಟ್ಟೇಲಿ ತಿರುಗಾ ಮುರುಗಾ ಇದ್ಲಲ್ಲ, ಆವತ್ತು ಆವಮ್ಮ ಬೆಳಿಗ್ಗೆಯಿಂದ ಸಂಜೆ ತಂಕ ಒಂದು ತೊಟ್ಟು ನೀರೂ ಕುಡೀದೆ..." ಅಂತ ಶುರುಮಾಡಿ ಹೋ ಅಂತ ಅತ್ತೇಬಿಟ್ಟ. ಮೂರು ಜನ ಓಡಿ ಹೋಗಿ ಅವನ ಬಾಯಿ ಮುಚ್ಚಿದರು. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಅಂಬುಜನ ಮಣಿಕಟ್ಟು ಉಳುಕಿ, ಹಿಡಿದಿದ್ದ ಟ್ರೇ ನೆಲಕ್ಕೆ ಬಿದ್ದಿತ್ತು. ಸರಿಹೋಗೋಕೆ ನಾಲ್ಕು ದಿನ ಹಿಡಿಯಿತು. ಶತ್ರುವಿನ ಬಾಯಿಂದ ಬಂದದ್ದಕ್ಕೇ ಇಷ್ಟಾದರೆ, ಮಿಕ್ಕವರ ಮಾತೇನು ಹೇಳಿ.

ಸುತ್ತಿ ಸುತ್ತಿ ಕೊನೆಗೆ ನನ್ನ ತಲೆಗೆ ಬಂತು. "ವಿಠೋಬಣ್ಣ, ನೀನು ಒಂದನೇ ಊರಿನೋನು. ಸುಳ್ಳು ಸುಳ್ಳೇ ಹೊಗಳೋದು ನಿಮಗೆ ಹುಟ್ಟಿನಿಂದ ಬಂದಿರುತ್ತೆ, ನೀನೇ ಹೇಳ್ಬಿಡು" ಅಂದರು ಹೊನ್ನಮ್ಮ. ಪ್ರಪಂಚದಲ್ಲಿ ಇರೋ ಬರೋದನ್ನೆಲ್ಲ ನಾನು ಸುಳ್ಳಾಗಿ ಹೊಗಳಬಲ್ಲೆ. ಅವಳೊಬ್ಬಳ ಬಗ್ಗೆ ಒಂದೇ ಒಂದು ಒಳ್ಳೇ ಮಾತನ್ನ ಸುಳ್ಳಾಗಿ ಹೇಳೋದು ಹೇಗೆ? ಆದರೂ ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಅವರ ಪಕ್ಕದಲ್ಲಿ ಸಾವಂತ್ರಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು.

ಸಾಹೇಬರು ಬರೋ ದಿನ ಬೆಳಿಗ್ಗೆಯೇ ಸಾವಂತ್ರಿಗೆ ನೋವು ಶುರುವಾಯಿತು. ಅಂಬುಜ ಸೀರೆ ನೆರಿಗೆ ಸಿಕ್ಕಿಸಿಕೊಂಡು ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು.

"ರೀ, ಮಗು ಅಡ್ಡ ಇದೆ. ಒಳಗೆ ಕೈ ಹಾಕಿ ತಿರುಗಿಸ್ಬೇಕಾಗತ್ತೆ. ಸಾಹೇಬ್ರ ಹತ್ರ ಏನು ಬೇಕಾದ್ರೂ ಹೇಳ್ಕೊಳ್ಳಿ, ಸಂಜೆ ತನಕ ನನ್ನ ಕೈ ಸುದ್ದಿಗೆ ಮಾತ್ರ ಬರ್ಬೇಡಿ."

"ಕೆಟ್ಟದ್ದು ಅಂದ್ರೆ ಆಸ್ಪತ್ರೆ ಹೋಗುತ್ತಲ್ಲೇ."

"ಒಳ್ಳೇದು ಅಂದ್ರೆ ಸಾವಂತ್ರಿ ಹೋಗ್ತಾಳೆ" ಅಂದು ಅವಳು ನಡೆದೇಬಿಟ್ಟಳು.

ನಲವತ್ತು ಊರು ಮುಗಿಸಿ ಪದ್ಮರಾಜಯ್ಯ ಕೊನೆಗೆ ನಮ್ಮಲ್ಲಿಗೆ ಬಂದಿದ್ದರು. ಆಸ್ಪತ್ರೆಯ ಜಗುಲಿ ಮೇಲೆ ಮೇಜು ಹಾಕಿದೆವು. ಒಳಗಿಂದ ಸಾವಂತ್ರಿಯ ನರಳಾಟ, ನಡುನಡುವೆ ಅಂಬುಜನ ದನಿ. ಹನ್ನೊಂದು ಪ್ರಶ್ನೆಗೆ ಎಂದಿನಂತೆ ಹನ್ನೊಂದು 'ಕೆಟ್ಟದ್ದು' ಬಂತು. ಅವರು ಪುಟ ಮಗುಚಿ, "ಹನ್ನೆರಡು. ಹೆರಿಗೆ ಆಸ್ಪತ್ರೆಯ ಆರೈಕೆ. ಯಾರು ಹೇಳ್ತೀರಿ?" ಅಂದರು. ನಾನು ಎದ್ದು ನಿಂತೆ.

"ಒಳ್ಳೇ" ಅನ್ನೋ ತನಕ ಬಂದೆ ನೋಡಿ, ಅಷ್ಟಕ್ಕೇ ಎದೆ ಉಕ್ಕಿಬಂತು. ಆ ಮಾತನ್ನ ಹಾಗೇ ನುಂಗಿಬಿಟ್ಟೆ. ನುಂಗಿದ್ದು ಬೈಗುಳವಾಗಿ ಹೊರಗೆ ಬಂತು.

"ಕೆಟ್ಟದ್ದು ಸ್ವಾಮಿ! ಕೆಟ್ಟದ್ದಲ್ಲ, ದರಿದ್ರ! ಆ ನರ್ಸಮ್ಮನಷ್ಟು ಗತಿಗೆಟ್ಟ ಹೆಂಗಸನ್ನ ನಾನು ಕಂಡಿಲ್ಲ. ಮೂವತ್ತು ವರ್ಷದಲ್ಲಿ ಒಂದು ಹಬ್ಬಕ್ಕೆ ನೆಟ್ಟಗೆ ಮನೇಲಿ ಉಣ್ಣಲಿಲ್ಲ. ತುತ್ತು ಬಾಯಿಗಿಡೋವಾಗ ಯಾರಾದ್ರೂ ಕರೆದ್ರೆ ತುತ್ತು ತಟ್ಟೆಗೆ ಹಾಕಿ ಓಡ್ತಾಳೆ, ಲಜ್ಜೆಗೆಟ್ಟೋಳು. ಹೊಳೆ ಬಂದಾಗ ಎದೆಮಟ್ಟ ನೀರಲ್ಲಿ ಔಷಧಿ ಡಬ್ಬಿ ತಲೆ ಮೇಲಿಟ್ಕೊಂಡು ಆಚೆ ದಡಕ್ಕೆ ಹೋದ್ಲು, ತಲೆ ಕೆಟ್ಟವಳು. ನಮ್ಮದೇ ಮಗು ಹುಟ್ಟಿ ಮೂರನೇ ದಿನಕ್ಕೆ ಕಣ್ಣು ಮುಚ್ತು ಸ್ವಾಮಿ. ನಾಲ್ಕನೇ ದಿನ ಪಕ್ಕದ ಬೀದಿಯಿಂದ ಕರೆ ಬಂತು. ಕಣ್ಣು ಒರೆಸ್ಕೊಂಡು ಎದ್ದು ಹೋದ್ಲು. ಕಲ್ಲೆದೆಯವಳು. ಬರ್ಕೊಳ್ಳಿ!"

ಪದ್ಮರಾಜಯ್ಯನವರ ಪೆನ್ನು ನಿಂತಿತ್ತು. ನನ್ನ ಮುಖವನ್ನೇ ನೋಡ್ತಿದ್ದರು. ಆಮೇಲೆ ಮೆಲ್ಲಗೆ, "ನೀವು ಹೇಳಿದ್ದನ್ನೇ ನಾನು ಬರೀಬೇಕು, ಬೇರೆ ದಾರಿ ಇಲ್ಲ" ಅಂದು ತಲೆ ತಗ್ಗಿಸಿ, ಹನ್ನೆರಡರ ಮುಂದೆ 'ಕೆಟ್ಟದ್ದು' ಅಂತ ಬರೆದರು.

ಅಲ್ಲಿಗೆ ಮುಗೀತು ಅಂದುಕೊಂಡೆ. ಹೊನ್ನಮ್ಮ ಮಾತ್ರ ಬಿಡಲಿಲ್ಲ. ಮುಂದೆ ನುಗ್ಗಿ, "ಆಹಾ, ಎಂಥಾ ಪಟ್ಟಿ! ಎಂಥಾ ಕಡತ! ಕಣ್ಣಿಗೆ ಹಬ್ಬ!" ಅಂತ ಶುರು ಮಾಡಿದರು. ಅವರ ಲೆಕ್ಕ ಎಲ್ಲರಿಗೂ ತಿಳಿಯಿತು. ನಾಲ್ಕು ಜನ ಸೇರಿಕೊಂಡು ರಟ್ಟನ್ನ, ಟ್ಯಾಗನ್ನ, ಸೀಲನ್ನ, ಕೊನೆಗೆ ಸಾಹೇಬರ ಮೂಗನ್ನೂ ಹೊಗಳಿದರು. ಏನೂ ಆಗಲಿಲ್ಲ. ಆ ಪಟ್ಟಿ ಮೇಲೆ ಪ್ರೀತಿ ಇದ್ದವರು ಯಾರಿದ್ದರು ಅಲ್ಲಿ?

ನಾನು ಸುಮ್ಮನೆ ಬಗ್ಗಿ ಆ ಪುಟ ನೋಡಿದೆ. ನನ್ನ ಹೆಂಡತಿಯನ್ನ ಅರವತ್ತು ಮೈಲಿ ದೂರ ಸಾಗಿಸೋ ಪುಟ. ಆದರೆ ದರ್ಜಿಯ ಕಣ್ಣು ಬೇರೆ ಏನನ್ನೋ ಕಂಡಿತು. ಗೆರೆ ಹೊಡೆಯದ ಕಾಗದ ಅದು. ಅದರ ಮೇಲೆ ಸಾಲುಗಳು ಒಂದು ಕೂದಲೆಳೆಯಷ್ಟೂ ಏರಿಲ್ಲ, ಇಳಿದಿಲ್ಲ. ಅಕ್ಷರ ಅಕ್ಷರಕ್ಕೂ ಒಂದೇ ಅಂತರ, ಒತ್ತಕ್ಷರಗಳು ಕಾಜಾದೊಳಗೆ ಗುಂಡಿ ಕೂತ ಹಾಗೆ ಕೂತಿದ್ದವು. ನಲವತ್ತು ವರ್ಷ ಮಿಷನ್ ತುಳಿದ ನನಗೆ ಇಷ್ಟು ನೆಟ್ಟಗೆ ಒಂದು ಹೊಲಿಗೆ ಹಾಕೋಕೆ ಬಂದಿಲ್ಲ.

"ಸ್ವಾಮಿ" ಅಂದೆ, ನನಗೇ ತಿಳಿಯದ ಹಾಗೆ. "ನಿಮ್ಮ ಕೈಬರಹ ಎಷ್ಟು ಚೆನ್ನಾಗಿದೆ."

ಕೊನೇ ಸಾಲಿನ 'ಕೆಟ್ಟದ್ದು' ಮೊದಲು ಅಲುಗಿತು. ದಾರದ ತುದಿ ಹಿಡಿದು ಎಳೆದರೆ ಹೊಲಿಗೆ ಬಿಚ್ಚಿಕೊಳ್ಳುತ್ತಲ್ಲ, ಹಾಗೆ ಒಂದು ಸಾಲು, ಅದರ ಮೇಲಿನ ಸಾಲು, ಹಿಂದಿನ ಪುಟ, ಅದರ ಹಿಂದಿನ ಪುಟ ಸರಸರ ಬಿಚ್ಚಿಕೊಂಡು ಹೋಯಿತು. ಶಾಯಿ ಮೇಜಿನ ಅಂಚಿನಿಂದ ತೊಟ್ಟಿಕ್ಕಿತು. ನಲವತ್ತೊಂದು ಊರೂ ಹೋದವು, ನಮ್ಮಣ್ಣನ ಒಂದನೇ ಊರೂ ಹೋಯಿತು. ಮೂರು ಸಲದ ನಿಯಮವೂ, ಹಿಂದಿನ ಎರಡು ವರ್ಷದ ಉತ್ತರಗಳೂ ಅದೇ ಕಡತದಲ್ಲಿ, ಅದೇ ಅಕ್ಷರದಲ್ಲಿದ್ದವು, ಅವೂ ಹೋದವು. ಪದ್ಮರಾಜಯ್ಯ ಬಿಳೀ ಹಾಳೆ ಮಗುಚ್ತಾ ಮಗುಚ್ತಾ ಬಾಯಿ ಬಿಟ್ಟುಕೊಂಡು ಕೂತರು. ಒಂದು ವರ್ಷದ ದುಡಿಮೆ.

ಆಗ ಒಳಗಿಂದ ಮಗು ಅತ್ತಿತು.

ಸ್ವಲ್ಪ ಹೊತ್ತಿಗೆ ಅಂಬುಜ ಕೈ ಒರೆಸಿಕೊಳ್ತಾ ಬಂದಳು. "ಹೆಣ್ಣು. ಮುಖ ನೋಡಿದ್ರೆ ಕೋತಿ ಹಂಗಿದೆ" ಅಂದಳು. ಹೊನ್ನಮ್ಮ ಅಲ್ಲೇ ಕುಸಿದು ಕೂತು ಅತ್ತರು. ಅಂಬುಜ ಸಾಹೇಬರಿಗೆ ಕಾಫಿ ಕೊಡೋವಾಗ ಅವರು, "ನಿಮ್ಮ ಯಜಮಾನ್ರು ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದ್ರಮ್ಮ" ಅಂದರು.

"ಹೌದಾ? ಏನೇನು ಬೈದ್ರು?"

ಅವರು ಒಂದೂ ಬಿಡದೆ ಹೇಳಿದರು. ಹಬ್ಬದ ಊಟ, ಹೊಳೆಯ ನೀರು, ನಾಲ್ಕನೇ ದಿನ. ಅಂಬುಜ ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿಸಿಕೊಂಡಳು. ಕಿವಿ ಕೆಂಪಾಗಿದ್ದವು. ಜೀಪು ಹತ್ತೋವಾಗ ಪದ್ಮರಾಜಯ್ಯ ಊರನ್ನ ಒಂದು ಸುತ್ತು ನೋಡಿ, "ಇಂಥ ಕೆಟ್ಟ ಊರನ್ನ ನಾನು ನನ್ನ ಸರ್ವಿಸ್‌ನಲ್ಲೇ ನೋಡಿಲ್ಲ" ಅಂದರು. ಪರಊರಿನವರೊಬ್ಬರು ನಮ್ಮ ಬಗ್ಗೆ ಅಷ್ಟು ದೊಡ್ಡ ಮಾತಾಡಿದ್ದು ಅದೇ ಮೊದಲು. ಜನ ಜೀಪಿನ ಹಿಂದೆ ಹೊಳೆ ತನಕ ಹೋದರು. ಒಂದು ತಿಂಗಳು ಅವರ ಅಕ್ಷರ ಕೋಳಿ ಕೆದರಿದ ಹಾಗಿತ್ತಂತೆ, ಆಮೇಲೆ ಸರಿಹೋಯಿತಂತೆ.

ಮರುವರ್ಷ ಹೊಸ ಪಟ್ಟಿ ಬಂತು, ನಾವು ಮತ್ತೆ ನಲವತ್ತೊಂದು. ಮೂರು ಸಲದ ನಿಯಮ ಯಾರಿಗೂ ನೆನಪಿರಲಿಲ್ಲ.

ಅದಾಗಿ ಮೂರು ವರ್ಷಕ್ಕೆ ಅಂಬುಜ ರಿಟೈರಾದಳು. ಅವಳೇ ಕಲಿಸಿದ ಹುಡುಗಿ ನರ್ಸಾಗಿ ಬಂದಳು. ಕೊನೇ ದಿನ ಆಸ್ಪತ್ರೆಯ ಬೀಗದ ಕೈ ಕೊಟ್ಟು ಮನೆಗೆ ಬಂದವಳು ಕೈ ತೊಳೆದಳು. ಬಂದು ನನ್ನ ಮಿಷನ್ನಿನ ಮುಂದೆ ಕೂತಳು. ಎರಡೂ ಕೈಯನ್ನ ಮಡಿಲಲ್ಲಿ ಅಂಗಾತ ಇಟ್ಟುಕೊಂಡಳು.

"ಇನ್ನು ಈ ಕೈಗೆ ಕೆಲಸ ಇಲ್ಲ ಕಣ್ರೀ" ಅಂದಳು. "ಈಗ ಹೇಳ್ತೀರಾ?"

ನಾನು ಬಾಯಲ್ಲಿದ್ದ ದಾರ ತೆಗೆದೆ. ಹೇಳಿದೆ. ಮೂವತ್ತಮೂರು ವರ್ಷದ್ದು ಅದು, ಒಂದು ಮಾತಿಗೆ ಮುಗಿಯೋದಲ್ಲ. ಏನು ಹೇಳಿದೆ ಅಂತ ನಿಮಗ್ಯಾಕೆ?

ಎಂಟು ತಿಂಗಳು ಅವಳ ಕೈ ಮೇಲೇಳಲಿಲ್ಲ. ಲೋಟ ಹಿಡಿಯೋಕೂ ಆಗ್ತಿರಲಿಲ್ಲ. ನಾನೇ ತುತ್ತು ಕೊಟ್ಟೆ, ನಾನೇ ತಲೆ ಬಾಚಿದೆ. ಊರಿನ ಹೆಂಗಸರು ನೋಡೋಕೆ ಬಂದರು. "ಎಂಟು ತಿಂಗಳಾ!" ಅಂತ ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋಗಿ, ತಂತಮ್ಮ ಗಂಡಂದಿರನ್ನ ಕೆಕ್ಕರಿಸಿ ನೋಡಿದರು. ಹೊನ್ನಮ್ಮನ ಯಜಮಾನರಂತೂ ಹೆದರಿ, ಆಕೆಯ ಸಾರನ್ನ ಹೊಗಳಿಯೇಬಿಟ್ಟರಂತೆ. ಸಾರು ಹಳಸಲೇ ಇಲ್ಲ. ಹೊನ್ನಮ್ಮ ಒಂದು ವಾರ ಅವರ ಹತ್ತಿರ ಮಾತು ಬಿಟ್ಟಿದ್ದರು.

ಅಂಬುಜನ ಕೈ ಈಗ ಪೂರ್ತಿ ವಾಸಿಯಾಗಿದೆ. ನಿನ್ನೆ ಬೆಳಿಗ್ಗೆ ತಾನೇ ಜಡೆ ಹಾಕಿಕೊಂಡಳು, ತಾನೇ ರೊಟ್ಟಿ ತಟ್ಟಿದಳು, ಪಾತ್ರೆ ತೊಳೆದಿಟ್ಟಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ತಾ ಬಂದು, ಮಿಷನ್ನಿನ ಮುಂದೆ ಕೂತು, ಎರಡೂ ಕೈಯನ್ನ ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ನನ್ನ ಮುಖ ನೋಡಿದಳು.